ಆಟಿ ತಿಂಗಳ ಓದಿನಲ್ಲಿ ಮೂವರು ಗೌರಮ್ಮಂದಿರು

ಪ್ರಶ್ನೆ: ಮೇಡಂ, ಭಾಗಮಂಡಲದ ಕಡೆ ನಮ್ಮ ತೋಟ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಈ ಸಲ ಹಟ ಹಿಡಿದು ಓದಿದೆ. ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’, ಕೊಡಗಿನ ಇತಿಹಾಸದ ಒಂದು ಪುಸ್ತಕ, ಕೊಡಗಿನ ಗೌರಮ್ಮನವರ ಕತೆಗಳು, ತೇಜಸ್ವಿಯವರ ‘ಕರ್ವಾಲೊ’, ಒಂದು ಕವನ ಸಂಕಲನ, ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಕಾಳುಮೆಣಸಿನ ರೋಗಗಳ ಬಗ್ಗೆ ಒಂದು ಕೈಪಿಡಿ. ಕೊಡವ ಹಾಡುಗಳ ‘ಪಟ್ಟೋಲೆ ಪಳಮೆ’ ಅರ್ಧಕ್ಕೇ ನಿಂತಿತು. ಈಗ ನೋಡಿದರೆ ಎಲ್ಲಾ ಕಲಸಿಹೋಗಿದೆ. ಒಂದನ್ನೂ ಸರಿಯಾಗಿ ಹೇಳೋಕೆ ಬರಲ್ಲ. ಇಡೀ ತಿಂಗಳ ಓದನ್ನು ಬರೆದಿಡಬೇಕು ಅಂತ ಆಸೆ. ಪ್ರತಿಯೊಂದರ ಸಾರಾಂಶ ಬರೆಯಬೇಕಾ? ಪತ್ತೇದಾರಿ, ಕೈಪಿಡಿ ಇವೆಲ್ಲಾ ಓದಿನ ಲೆಕ್ಕಕ್ಕೆ ಬರುತ್ತವಾ? ರಾಜ ನಿಜವಾಗಿಯೂ ಅಷ್ಟು ಕೆಟ್ಟವನಾ? ನಮ್ಮ ಅಜ್ಜಿ ನಮ್ಮ ಮನೆಮಾತು ಅರೆಭಾಷೆಯಲ್ಲಿ ಹೇಳುತ್ತಿದ್ದದ್ದೇ ಬೇರೆ.

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯಿತು. ಏಳೂವರೆ ಪುಸ್ತಕ! ಅದೂ ಭಾಗಮಂಡಲದ ಮಳೆಯಲ್ಲಿ, ದೀಪದ ಬೆಳಕಲ್ಲಿ. ಆದರೆ ಖುಷಿ ಆಗಿದ್ದು ಲೆಕ್ಕ ನೋಡಿ ಅಲ್ಲ. ನಿಮ್ಮ ಪಟ್ಟಿಯೊಳಗೆ ಒಂದು ವಿಷಯ ಅಡಗಿದೆ. ಅದು ನಿಮ್ಮ ಕಣ್ಣಿಗೆ ಬಿದ್ದ ಹಾಗಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಸಾರಾಂಶದ ವಿಷಯ. ಬೇಡ, ಬರೆಯಬೇಡಿ. ನಾನು ಗ್ರಂಥಪಾಲಕಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವರ್ಷ ಸಾರಾಂಶ ಬರೆದೆ. ಆ ನೋಟ್‌ಬುಕ್ ಈಗಲೂ ಇದೆ. ತೆರೆದರೆ ಕತೆಗಳೆಲ್ಲಾ ಇವೆ, ನಾನೇ ಇಲ್ಲ. ಯಾವ ಪುಸ್ತಕ ಓದುವಾಗ ನಿದ್ದೆ ಬಿಟ್ಟೆ, ಯಾವುದನ್ನು ಮುಚ್ಚಿಟ್ಟು ಅತ್ತೆ, ಒಂದೂ ಅದರಲ್ಲಿಲ್ಲ. ಸಾರಾಂಶ ಬೇಕಾದರೆ ಪುಸ್ತಕದ ಬೆನ್ನ ಮೇಲೆ ಹೇಗೂ ಇರುತ್ತದೆ, ಅಲ್ವಾ? ಅದನ್ನು ನೀವು ಮತ್ತೆ ಬರೆಯುವುದು ಯಾಕೆ?

ನಾನು ಈಗ ಮಾಡುವುದು ಹೀಗೆ. ತಿಂಗಳ ಕೊನೆಯ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳುತ್ತೇನೆ. ಓದಿದ ಪುಸ್ತಕಗಳನ್ನೆಲ್ಲಾ ಮೇಜಿನ ಮೇಲೆ ಇಡುತ್ತೇನೆ, ಆದರೆ ಒಂದನ್ನೂ ತೆರೆಯುವುದಿಲ್ಲ. ಮುಚ್ಚಿದ ಪುಸ್ತಕ ನೋಡಿಕೊಂಡು, ತಲೆಯಲ್ಲಿ ಏನು ಉಳಿದಿದೆಯೋ ಅಷ್ಟನ್ನೇ ಬರೆಯುತ್ತೇನೆ. ಮೂರು ಸಾಲಾದರೆ ಮೂರು ಸಾಲು. ಒಂದು ಪದವಾದರೆ ಒಂದು ಪದ. ಆಮೇಲಷ್ಟೇ ಪುಸ್ತಕ ತೆರೆದು, ನೆನಪು ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ನೋಡುತ್ತೇನೆ.

ಮರೆತುಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಮರೆವಿನ ಬಗ್ಗೆ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾರೆ. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತಮ್ಮ ಮೇಲೇ ಪರೀಕ್ಷೆ ಮಾಡಿಕೊಂಡರು. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಜಾರುವುದು ನಿಧಾನ ಆಗುತ್ತದೆ. ಮುಚ್ಚಿದ ಪುಸ್ತಕದ ಗುಟ್ಟು ಇನ್ನೊಂದು ಪ್ರಯೋಗದಲ್ಲಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಅದನ್ನು ಪ್ರಕಟಿಸಿದರು. ಒಂದು ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಓದಿದರು. ಇನ್ನು ಕೆಲವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ. ನೆನಪಿನಿಂದ ಎಳೆದು ತೆಗೆಯುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಏನೂ ಹೊಳೆಯದಿದ್ದರೂ ಪುಸ್ತಕಕ್ಕೆ ಕೈ ಹಾಕಬೇಡಿ. ಸುಮ್ನೆ ಕೂತಿರಿ. ಮಳೆ ಕೇಳುತ್ತಾ ಕೂತಿರಿ. ಬರುತ್ತದೆ.

ತಪ್ಪು ನೆನಪನ್ನಂತೂ ಅಳಿಸಲೇಬೇಡಿ. ಒಂದು ಸಲ ಒಂದು ಕತೆಯ ಬಗ್ಗೆ ನಾನು ‘ಕೊನೆಯಲ್ಲಿ ಮಳೆ ಬರುತ್ತದೆ, ಅವಳು ಬಾಗಿಲಲ್ಲಿ ನಿಂತಿರುತ್ತಾಳೆ’ ಅಂತ ಬರೆದಿದ್ದೆ. ತೆರೆದು ನೋಡಿದರೆ ಬಾಗಿಲು ಇದೆ, ಅವಳೂ ಇದ್ದಾಳೆ, ಮಳೆ ಮಾತ್ರ ಒಂದು ಹನಿಯೂ ಇಲ್ಲ. ಮಳೆ ಇದ್ದದ್ದು ನಮ್ಮ ಮನೆಯ ಹೆಂಚಿನ ಮೇಲೆ. ಆ ತಪ್ಪು ಸಾಲು ನೋಡಿದರೆ ಆ ಸಂಜೆ, ಆ ಕುರ್ಚಿ, ಒಲೆ ಹತ್ತಿರ ಒಣಗಲು ಹಾಕಿದ್ದ ಬಟ್ಟೆಯ ಹೊಗೆ ವಾಸನೆ ಎಲ್ಲಾ ಈಗಲೂ ಬರುತ್ತದೆ. ಅದಕ್ಕೇ ಅದನ್ನು ಹೊಡೆದು ಹಾಕಿಲ್ಲ. ಪಕ್ಕದಲ್ಲಿ ‘ಮಳೆ ಇಲ್ಲ, ನಾನೇ ಸೇರಿಸಿದ್ದು’ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ತಲೆಯಲ್ಲಿ ಕಲಸಿಹೋಗಿರುವುದಕ್ಕೆ ಇನ್ನೊಂದು ಕಾರಣ ಇದೆ ಅನಿಸುತ್ತದೆ. ಎಲ್ಲಾ ಪುಸ್ತಕಕ್ಕೂ ನೀವು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: ‘ಇದರಲ್ಲಿ ಏನಿತ್ತು?’ ಕತೆಗೂ ಅದೇ, ಕವನಕ್ಕೂ ಅದೇ, ಮೆಣಸಿನ ಕೈಪಿಡಿಗೂ ಅದೇ. ಒಂದೊಂದು ಬಗೆಯ ಪುಸ್ತಕ ಒಂದೊಂದು ಥರ ಉಳಿಯುತ್ತದೆ. ಅದಕ್ಕೆ ತಕ್ಕ ಹಾಗೆ ಕೇಳಬೇಕು.

ಕೈಪಿಡಿಯಿಂದಲೇ ಶುರು ಮಾಡೋಣ. ಅದು ಓದೇ ಅಲ್ಲ ಅಂತ ನಿಮಗೆ ಸಂಶಯ. ನನಗೆ ಎಳ್ಳಷ್ಟೂ ಇಲ್ಲ. ಸೊರಗು ರೋಗದ ಪುಸ್ತಕ ಅಂದಮೇಲೆ ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ವಿಷಯ ಇದ್ದೇ ಇರುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಹದ ಬಂತಾ ಅಂತ ನೋಡೋಕೆ ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ನೀವು ಒಂದು ಸಲ ಕೈಯಾರೆ ಮಾಡಿದ್ದರೆ ಇದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಯಾಕೆಂದರೆ ಆ ಪುಟ ನಿಮ್ಮ ಕೈಗೆ ಇಳಿದಿದೆ. ಇಂಥ ಪುಸ್ತಕಕ್ಕೆ ಕೇಳಬೇಕಾದ್ದು ಒಂದೇ: ಓದಿದ ಮೇಲೆ ತೋಟದಲ್ಲಿ ಏನು ಬೇರೆ ಥರ ಮಾಡಿದೆ? ‘ಕೆಳಗಿನ ಸಾಲಲ್ಲಿ ನೀರು ನಿಲ್ಲುತ್ತಿತ್ತು, ಚರಂಡಿ ಬಿಡಿಸಿದೆ’ ಅಂತ ಬರೆದರೆ ಆ ಪುಸ್ತಕದ ಮಟ್ಟಿಗೆ ಬರೆಯಬೇಕಾದ್ದು ಮುಗಿಯಿತು.

‘ಕರ್ವಾಲೊ’ಗೆ ಕೇಳಬೇಕಾದ್ದೂ ಹೆಚ್ಚು ಕಡಿಮೆ ಇದೇ, ಆದರೆ ಕೈಯ ಬದಲು ಕಣ್ಣು. ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಕತೆ, 1980ರಲ್ಲಿ ಬಂದ ಪುಸ್ತಕ ಅದು. ಅದನ್ನು ಓದಿದವರು ಅಡಿಕೆ ಮರದ ಕೆಳಗೆ ಮೊದಲಿನ ಹಾಗೆ ನಡೆಯುವುದಿಲ್ಲ. ಹಾರುವ ಓತಿ ನಮ್ಮ ಕೊಡಗಿನಲ್ಲೂ ಇದೆ. ಮರದ ತೊಗಟೆಯ ಬಣ್ಣವೇ ಅದರ ಮೈ ಬಣ್ಣ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಪಟಪಟ ಆಡಿಸದಿದ್ದರೆ ಅಲ್ಲಿ ಒಂದು ಜೀವ ಇದೆ ಅಂತಲೇ ಗೊತ್ತಾಗುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಅಡಿಕೆ ಮರದ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಕಂಡರೂ ಬರೆಯಿರಿ, ಕಾಣದಿದ್ದರೂ ಬರೆಯಿರಿ.

ಪತ್ತೇದಾರಿ ಕಾದಂಬರಿ ಹೇಳಿಕೊಳ್ಳೋಕೆ ನಿಮಗೆ ನಾಚಿಕೆ ಅನಿಸಿದ ಹಾಗಿದೆ. ನಾಚಿಕೆ ಬೇಡ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು. ಕನ್ನಡದಲ್ಲಿ ಎಷ್ಟೋ ಜನ ಓದಲು ಕಲಿತದ್ದೇ ಅವುಗಳಿಂದ. ಅದಕ್ಕೆ ಕೇಳಬೇಕಾದ್ದು: ಎಷ್ಟು ಹೊತ್ತಿಗೆ ಓದಿ ಮುಗಿಸಿದೆ, ಎಲ್ಲಿ ಮೋಸಹೋದೆ? ಅಷ್ಟು ಸಾಕು. ಅಂದಹಾಗೆ ಆ ಪೆಟ್ಟಿಗೆ ಯಾರದು? ಪುಸ್ತಕದ ಮೇಲೆ ಹೆಸರು, ತಾರೀಕು ಇದ್ದರೆ ಅದನ್ನು ಮೊದಲು ಬರೆದಿಡಿ. ನಿಮ್ಮ ಮನೆಯಲ್ಲಿ ನಿಮಗಿಂತ ಮೊದಲು ಮಳೆಗಾಲದಲ್ಲಿ ಓದುತ್ತಾ ಕೂತಿದ್ದವರು ಯಾರೋ ಇದ್ದರು.

ಕವನ ಸಂಕಲನದ್ದು ಸಣ್ಣ ಮಾತು. ಕಾದಂಬರಿ ಓದಿದ ಹಾಗೆ ಒಂದೇ ಉಸಿರಿಗೆ ಓದಿದರೆ ಯಾವ ಕವನವೂ ಉಳಿಯುವುದಿಲ್ಲ. ದನ ಕಟ್ಟುವಾಗಲೋ ಅಕ್ಕಿ ಆರಿಸುವಾಗಲೋ ತಾನಾಗಿ ಬಾಯಿಗೆ ಬಂದ ಸಾಲು ಇದೆಯಾ? ಇದ್ದರೆ ಆ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ಸಂಕಲನದಿಂದ ಒಂದೇ ಕವನ ಆರಿಸಿ, ದಿನಾ ಜೋರಾಗಿ ಓದಿ.

ಈಗ ರಾಜನ ವಿಷಯ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

‘ಚಿಕವೀರ ರಾಜೇಂದ್ರ’ ಮೊದಲು ಬಂದದ್ದು 1956ರಲ್ಲಿ. ಬ್ರಿಟಿಷರು ಮಡಿಕೇರಿಗೆ ಬಂದು ರಾಜನನ್ನು ಇಳಿಸಿದ್ದು 1834ರಲ್ಲಿ. ನಡುವೆ 122 ವರ್ಷ. ಕಾದಂಬರಿಗೂ ಇತಿಹಾಸಕ್ಕೂ ಕೇಳುವ ಪ್ರಶ್ನೆ ಒಂದೇ ಆಗಬಾರದು. ಕಾದಂಬರಿಗೆ, ‘ಈ ಮನುಷ್ಯನನ್ನು ನಾನು ನಂಬಿದೆನಾ, ಅವನು ಹಾಳಾಗುವಾಗ ನನಗೆ ಸಂಕಟ ಆಯಿತಾ?’ ಅಂತ ಕೇಳಿ. ಇತಿಹಾಸಕ್ಕೆ, ‘ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಹಾಗೆ ಹೇಳಬೇಕಾಗಿದ್ದು ಯಾಕೆ?’ ಅಂತ ಕೇಳಿ.

ಕೊಡಗಿನ ರಾಜರ ಕತೆಯನ್ನು ಹೇಳಿದವರು ಹಲವರು. ಚಿಕವೀರನಿಗಿಂತ ಮೊದಲು ಆಳಿದ ದೊಡ್ಡ ವೀರರಾಜೇಂದ್ರ ತನ್ನ ಕಾಲದಲ್ಲೇ ಕನ್ನಡದಲ್ಲಿ ‘ರಾಜೇಂದ್ರನಾಮೆ’ ಬರೆಸಿದ. ಅದು ಅರಮನೆಯ ಮಾತು. ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ ಮಿಷನರಿ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಕೊಡಗಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ರಾಜ್ಯ ಹೋಗಿ ಇಪ್ಪತ್ತೊಂದು ವರ್ಷ ಆದ ಮೇಲೆ, ಹೊರಗಿನಿಂದ ಬಂದವರೊಬ್ಬರ ಮಾತು ಅದು. ಇವರ ನಡುವೆ ಗೆದ್ದವರ ಮಾತೂ ಒಂದಿದೆ. 1834ರ ಮೇ ತಿಂಗಳ ಘೋಷಣೆಯಲ್ಲಿ ಬ್ರಿಟಿಷರು ಹೇಳಿದ್ದು, ಕೊಡಗಿನ ಜನರೆಲ್ಲರೂ ಒಮ್ಮತದಿಂದ ತಮ್ಮ ಆಳ್ವಿಕೆ ಬೇಕು ಅಂದರು ಅಂತ.

ಇದರ ಪಕ್ಕದಲ್ಲಿ ಇನ್ನೊಂದು ವರ್ಷ ಬರೆಯಿರಿ: 1837. ಮೂರೇ ವರ್ಷ ಆಗಿತ್ತು. ರಾಜಮನೆತನದ ಹೆಸರು ಹೇಳಿಕೊಂಡು ಕೊಡಗಿನಲ್ಲಿ, ಸುಳ್ಯದ ಕಡೆ ರೈತರು ದಂಗೆ ಎದ್ದರು. ಮಂಗಳೂರಿನವರೆಗೆ ನಡೆದುಹೋಗಿ ಬಾವುಟಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿದರು. ದಂಗೆ ಮುರಿದುಬಿತ್ತು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲೇ ಗಲ್ಲಿಗೆ ಹಾಕಿದರು. ನಿಮ್ಮ ಅಜ್ಜಿ ಹೇಳುತ್ತಿದ್ದ ಕತೆ ಇದೇ ಇರಬೇಕು. ಅರೆಭಾಷೆಯ ಮನೆಗಳಲ್ಲಿ ಈ ಕತೆ ಬಾಯಿಂದ ಬಾಯಿಗೆ ಬಂದಿದೆ. ಎಲ್ಲರೂ ಒಮ್ಮತದಿಂದ ಒಪ್ಪಿದ್ದರೆ ಮೂರೇ ವರ್ಷದಲ್ಲಿ ಇಷ್ಟು ಜನ ಯಾಕೆ ಎದ್ದರು?

ಇಷ್ಟು ಹೇಳಿದ್ದರಿಂದ ರಾಜ ಒಳ್ಳೆಯವನಾಗುವುದಿಲ್ಲ. ಅವನ ಕ್ರೌರ್ಯ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಆದರೆ ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಈ ತಿಂಗಳ ಪುಟದಲ್ಲಿ ‘ಚಿಕವೀರ ರಾಜೇಂದ್ರ’ದ ಕೆಳಗೆ ‘ಅಜ್ಜಿ’ ಅಂತಲೂ ಒಂದು ಸಾಲು ಇರಲಿ. ಅವರೂ ಒಬ್ಬರು ಹೇಳಿದವರೇ. ಅವರು ಹೇಳಿದ ಹಾಗೇ, ಅರೆಭಾಷೆಯಲ್ಲೇ ಬರೆಯಿರಿ. ಕನ್ನಡಕ್ಕೆ ತಿದ್ದಬೇಡಿ.

ಮೊದಲು ಹೇಳಿದ್ದೆನಲ್ಲ, ನಿಮ್ಮ ಪಟ್ಟಿಯಲ್ಲಿ ಅಡಗಿದ ವಿಷಯ ಅಂತ. ಅದು ಇದು: ಈ ಒಂದೇ ತಿಂಗಳಲ್ಲಿ ನೀವು ಮೂವರು ಗೌರಮ್ಮಂದಿರನ್ನು ನೋಡಿದ್ದೀರಿ.

ಮಾಸ್ತಿಯವರ ಕಾದಂಬರಿಯಲ್ಲಿ ರಾಜನ ಹೆಂಡತಿ, ರಾಣಿ ಗೌರಮ್ಮ. ಗಂಡ ಕಣ್ಣೆದುರೇ ಹಾಳಾಗುವುದನ್ನು ನೋಡುತ್ತಾ ಮನೆಯ, ರಾಜ್ಯದ ಮಾನ ಹಿಡಿದುಕೊಂಡು ನಿಂತವಳು. ಇನ್ನೊಬ್ಬಳು ರಾಜನ ಮಗಳು ಗೌರಮ್ಮ. ನಿಮ್ಮ ಇತಿಹಾಸದ ಪುಸ್ತಕದಲ್ಲಿ ಅವಳು ಬಂದಿರಲೇಬೇಕು. ರಾಜ್ಯ ಹೋದ ಮೇಲೆ ರಾಜನನ್ನು ಕಾಶಿಯಲ್ಲಿ ಇಟ್ಟಿದ್ದರು. ಅಲ್ಲಿಂದ 1852ರಲ್ಲಿ ಅವನು ಈ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಆಗ ಆ ಮಗುವಿಗೆ ಹನ್ನೊಂದು ವರ್ಷ. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡ. 1864ರಲ್ಲಿ ಮಗಳೂ ಹೋದಳು, ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಮೂರನೆಯವರು ಕತೆಗಾರ್ತಿ ಗೌರಮ್ಮ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದವರು. ಕತೆಗಳ ಕೆಳಗೆ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಅಂತ ಹೆಸರು ಹಾಕುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. 1939ರಲ್ಲಿ ಈಜಲು ಇಳಿದ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಇಪ್ಪತ್ತೇಳು ವರ್ಷ ಅಷ್ಟೇ. ಬೇಂದ್ರೆಯವರು ಅವರ ಮೇಲೆ ‘ತಂಗಿ ಗೌರಮ್ಮ’ ಅಂತ ಕವನವನ್ನೇ ಬರೆದರು.

ಮೂವರನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಿ. ರಾಣಿಗೆ ಮಾತು ಕೊಟ್ಟವರು ಮಾಸ್ತಿ. ರಾಜಕುಮಾರಿಯ ಬಗ್ಗೆ ನಮಗೆ ಸಿಗುವುದೆಲ್ಲಾ ಹೆಚ್ಚಾಗಿ ಬೇರೆಯವರು ನೋಡಿ ಬರೆದದ್ದು. ಮೂರನೆಯ ಗೌರಮ್ಮ ಮಾತ್ರ ತಾನೇ ಲೇಖನಿ ಹಿಡಿದು, ವಿಧವೆಯರ, ಮದುವೆಯಾದ ಹುಡುಗಿಯರ ಒಳಗಿನ ಮಾತನ್ನು ತನ್ನ ಮಾತಲ್ಲಿ ಬರೆದಳು. ಅದೂ ಗಂಡನ ಹೆಸರಿನ ಮರೆಯಲ್ಲಿ. ಅವರ ಕತೆಗಳನ್ನು ಮಾತ್ರ ಓದಿದ್ದರೆ ಇದು ಇಷ್ಟು ತಾಗುತ್ತಿರಲಿಲ್ಲ. ಕಾದಂಬರಿ, ಇತಿಹಾಸ, ಕತೆ ಮೂರನ್ನೂ ಒಂದೇ ಆಟಿಯಲ್ಲಿ ಓದಿದ್ದರಿಂದ ಇದು ನಿಮಗೆ ಸಿಕ್ಕಿದೆ. ಇಡೀ ತಿಂಗಳನ್ನು ಒಟ್ಟಿಗೆ ಹಿಂತಿರುಗಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಪುಸ್ತಕ ಒಂದೊಂದಾಗಿ ಮುಗಿದಾಗ ಕಾಣದ್ದು, ಎಂಟನ್ನೂ ಒಂದು ಮೇಜಿನ ಮೇಲೆ ಇಟ್ಟಾಗ ಕಾಣುತ್ತದೆ. ಹೆಸರು, ಊರು, ನೀರು, ಒಡವೆ, ಹೀಗೆ ಎರಡು ಪುಸ್ತಕದಲ್ಲಿ ಸಿಕ್ಕಿದ ಒಂದೇ ವಸ್ತುವಿನ ಕೆಳಗೆ ಗೆರೆ ಎಳೆಯಿರಿ. ಅದನ್ನು ಆಮೇಲೆ ವಾರಗಟ್ಟಲೆ ಯೋಚಿಸಬಹುದು.

ಎಷ್ಟು ಪುಸ್ತಕ ಅನ್ನುವ ಲೆಕ್ಕ ಮಾತ್ರ ಬರೆಯಬೇಡಿ. ನನ್ನ ನೋಟ್‌ಬುಕ್‌ನಲ್ಲಿ 2018ರ ಆಗಸ್ಟಿನ ಪುಟ ಇದೆ. ಆ ತಿಂಗಳು ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಬಂದದ್ದು ನಿಮಗೂ ಗೊತ್ತು. ಪುಟದಲ್ಲಿ ಇರುವುದು ಎರಡೇ ಸಾಲು: ‘ಏನೂ ಓದಲಿಲ್ಲ. ಶಿಬಿರದ ಮಕ್ಕಳಿಗೆ ಓದಿದ್ದನ್ನೇ ಹೇಳಿದೆ, ನರಿ ಕತೆ ಮೂರು ಸಲ ಕೇಳಿದರು.’ ಪೆನ್ಸಿಲಲ್ಲಿ ಬರೆದದ್ದು. ಕಾಗದ ತೇವಕ್ಕೆ ಉಬ್ಬಿಕೊಂಡು ಹಾಗೇ ಒಣಗಿದೆ. ಲೆಕ್ಕ ಹಿಡಿದರೆ ಆ ತಿಂಗಳು ಸೊನ್ನೆ. ಆದರೆ ಇಷ್ಟು ವರ್ಷದ ಪುಟಗಳಲ್ಲಿ ನಾನು ಜಾಸ್ತಿ ಸಲ ತೆರೆದದ್ದು ಅದನ್ನೇ.

ಇದನ್ನು ಹೇಳಿದಾಗ ನೆನಪಾಯಿತು, ನಮ್ಮ ಹವೆಗೆ ಪೆನ್ಸಿಲ್ ಅಥವಾ ಬಾಲ್ ಪೆನ್ ಒಳ್ಳೆಯದು. ಇಂಕ್ ಪೆನ್ನಿನ ಅಕ್ಷರ ತೇವಕ್ಕೆ ಹರಡಿಹೋಗುತ್ತದೆ. ಪುಸ್ತಕಗಳನ್ನು ಕಪಾಟಿನಲ್ಲಿ ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಗಾಳಿಗೆ ಒಣಗಿಸಿ, ಆಮೇಲೆ ಮನೆಯ ಹೊರಗೆ ನಿಂತು ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ಅಟ್ಟದ ಆ ಪೆಟ್ಟಿಗೆಯನ್ನು ಈ ಬಿಸಿಲಿಗೇ ಕೆಳಗಿಳಿಸಿ.

ಕೊನೆಯದು ‘ಪಟ್ಟೋಲೆ ಪಳಮೆ’. ಅರ್ಧಕ್ಕೆ ನಿಂತಿತು ಅಂದಿರಿ. ಅದನ್ನು ನೀವು ಬಿಟ್ಟಿದ್ದಲ್ಲ, ಅದು ಹಾಗೇ ಇರುವ ಪುಸ್ತಕ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಲ್ಲಿದ್ದ ಕೊಡವ ಹಾಡುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ಪುಸ್ತಕ ಮಾಡಿದರು. ಮದುವೆಗೆ, ಸಾವಿಗೆ, ಹಬ್ಬಕ್ಕೆ, ದೇವರಿಗೆ ಬೇರೆ ಬೇರೆ ಹಾಡು. ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾ ಹಾಡುವುದು ಅವು. ಕಣ್ಣಲ್ಲಿ ಓದಿದರೆ ಒಂದೇ ಸಾಲು ಮತ್ತೆ ಮತ್ತೆ ಬಂದ ಹಾಗೆ ಕಂಡು ಬೇಸರ ಆಗುವುದು ಸಹಜ. ಆ ಸಾಲುಗಳ ನಡುವೆ ಇರಬೇಕಾದ ದುಡಿ ಪುಟದಲ್ಲಿ ಇಲ್ಲ. ಅದರ ಎದುರಿಗೆ ‘ಅರ್ಧ’ ಅಂತ ಬರೆಯಬೇಡಿ, ಸ್ವಲ್ಪ ಜಾಗ ಖಾಲಿ ಬಿಡಿ. ಸುಗ್ಗಿಯ ಹಬ್ಬ ಹುತ್ತರಿ ಬರಲಿ. ಕದಿರು ತೆಗೆದ ಮೇಲೆ ದುಡಿ ಹಿಡಿದು ಹಾಡುವವರು ನಿಮ್ಮ ಕಡೆಯೂ ಬರುತ್ತಾರೆ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಹತ್ತಿರ ಕೂರಿ. ಹಾಡು ಯಾವುದು ಅಂತ ಹಿರಿಯರನ್ನು ಕೇಳಿ ಆ ಪುಟ ತೆರೆಯಿರಿ. ಅವರು ಎಲ್ಲಿ ಉಸಿರು ತೆಗೆದುಕೊಂಡರೋ ಅಲ್ಲಿ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡಿ. ಮನೆಗೆ ಬಂದು ಆಟಿ ತಿಂಗಳ ಪುಟದಲ್ಲಿ ಬಿಟ್ಟ ಆ ಜಾಗದಲ್ಲಿ ಬರೆಯಿರಿ.